ಕಥೆಯ ಆಸೆಗೆ ಲಿಪಿ ಕಲಿತವರು

ವಿಂಧ್ಯದ ಬೆಟ್ಟಸಾಲು ಗಂಗೆಯ ದಡದವರೆಗೂ ಬಂದು ನಿಂತುಬಿಡುವ ಜಾಗ ಚುನಾರ್. ನಿಂತ ಬಂಡೆಯ ನೆತ್ತಿಯಲ್ಲಿ ಕೋಟೆ, ಬುಡದಲ್ಲಿ ನದಿ. ಕಾಶಿಯಿಂದ ಸುಮಾರು 40 ಕಿಲೋಮೀಟರ್ ದಾರಿ. ಕಾರ್ತಿಕದ ಹೊತ್ತಿಗೆ ನೀರಿಳಿದು ದಂಡೆಯ ಮರಳು ಮೇಲೆದ್ದಿರುತ್ತದೆ. ಇಳಿಬಿಸಿಲು ಬಿದ್ದರೆ ಕೋಟೆಯ ಗೋಡೆ ಹಳದಿಯಿಂದ ಕೆಂಪಿಗೆ, ಕೆಂಪಿನಿಂದ ಕಂದಿಗೆ ಮೆಲ್ಲಗೆ ಹೊರಳುತ್ತದೆ. ಆ ಕಲ್ಲು ಇಲ್ಲಿಯದೇ. ಅಶೋಕನ ಕಾಲದ ಶಿಲ್ಪಿಗಳು ಸಾರನಾಥದ ನಾಲ್ಕು ಸಿಂಹಗಳನ್ನು ಕಡೆದದ್ದೂ ಚುನಾರಿನ ಕಲ್ಲಿನಲ್ಲೇ.

ಈ ಗೋಡೆಗಳಿಗೆ ಇತಿಹಾಸದ ಕೊರತೆಯಿಲ್ಲ. ಹುಮಾಯೂನ್ ಇದಕ್ಕೆ ಮುತ್ತಿಗೆ ಹಾಕಿದ, ಶೇರ್ ಶಾ ಇದನ್ನು ಹಿಡಿದಿದ್ದ, ಆಮೇಲೆ ಅಕ್ಬರನ ಕೈಗೆ ಬಂತು. 1781ರಲ್ಲಿ ಕಾಶಿಯ ರಾಜ ಚೇತ್ ಸಿಂಗನ ಕಡೆಯವರು ತಿರುಗಿಬಿದ್ದಾಗ ವಾರನ್ ಹೇಸ್ಟಿಂಗ್ಸ್ ಜೀವ ಉಳಿಸಿಕೊಳ್ಳಲು ಓಡಿಬಂದದ್ದು ಇಲ್ಲಿಗೆ. ಒಳಗೆ ಹೋದರೆ ಭರ್ತೃಹರಿಯ ಸಮಾಧಿ ಇದೆ, ಜನಪದ ವೀರ ಆಲ್ಹಾನ ಮದುವೆಯ ಕಥೆ ಹೇಳುವ ಸೋನ್ವಾ ಮಂಟಪ ಇದೆ, ಮೆಟ್ಟಿಲಿಳಿದು ಹೋಗುವ ಆಳದ ಬಾವಿ ಇದೆ. ಆದರೆ ಮಕ್ಕಳ ಕೈ ಹಿಡಿದು ಬಂದ ಕುಟುಂಬಗಳಿಗೆ ಬೇಕಾದದ್ದು ಬೇರೆ. ಬಾವಿಯ ಅಂಚಿನಲ್ಲಿ ಬಗ್ಗಿ ಅವರು ಹುಡುಕುವುದು ಸುರಂಗದ ಬಾಯಿಯನ್ನು. ಹೇಸ್ಟಿಂಗ್ಸನ ಬಂಗಲೆಯ ಮುಂದೆ ನಿಂತವರು ಕೇಳುವುದೂ ಅದನ್ನೇ: ಚಂದ್ರಕಾಂತಾ ಎಲ್ಲಿದ್ದಳು? ತಿಲಿಸ್ಮು ಯಾವ ಕಡೆಗಿದೆ?

ಚಂದ್ರಕಾಂತಾ ಎಲ್ಲೂ ಇರಲಿಲ್ಲ. ಕಾಡಿನ ಗುತ್ತಿಗೆ ಹಿಡಿದಿದ್ದ ಒಬ್ಬ ಇಪ್ಪತ್ತೇಳರ ಯುವಕನ ತಲೆಯಲ್ಲಿ ಹುಟ್ಟಿದ ರಾಜಕುಮಾರಿ ಅವಳು. ಅವನ ಕಾದಂಬರಿಯಲ್ಲಂತೂ ಚುನಾರ್ ಅವಳ ಊರೂ ಅಲ್ಲ, ಶತ್ರುವಿನ ರಾಜಧಾನಿ. ಅವಳದು ಇನ್ನೂ ದಕ್ಷಿಣಕ್ಕೆ, ಈಗಿನ ಸೋನ್‌ಭದ್ರ ಜಿಲ್ಲೆಯ ಕಾಡುಬೆಟ್ಟದ ಮೇಲಿರುವ ವಿಜಯಗಢ. ಅದನ್ನೂ ಜನ ಚಂದ್ರಕಾಂತಾಳ ಕೋಟೆ ಅನ್ನುತ್ತಾರೆ, ಇದನ್ನೂ ಅನ್ನುತ್ತಾರೆ. ನಿಜವಾದ ರಾಜರು ಕಟ್ಟಿ, ನಿಜವಾದ ರಾಜರು ಕಾದಾಡಿದ ಎರಡು ಕೋಟೆಗಳು ಇಲ್ಲದ ಒಬ್ಬ ಹುಡುಗಿಯ ಹೆಸರಿನಲ್ಲಿ ಉಳಿದಿವೆ. ಓದುಗರ ಉತ್ಸಾಹಕ್ಕೆ ಎಷ್ಟು ಬಲವಿದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಗೋಡೆಗಳನ್ನು.

ಆ ಯುವಕ ದೇವಕೀನಂದನ ಖತ್ರಿ. ಹುಟ್ಟಿದ್ದು 1861ರಲ್ಲಿ, ಬಿಹಾರದ ಪೂಸಾದಲ್ಲಿ. ಬೆಳೆದ ಮೇಲೆ ಗಯಾ ಕಡೆ ವ್ಯವಹಾರ ಮಾಡಿ ಕಾಶಿಗೆ ಬಂದು ನೆಲೆಸಿದ. ಕಾಶಿಯ ಮಹಾರಾಜರಿಂದ ಚಕಿಯಾ ಮತ್ತು ನೌಗಢದ ಕಾಡುಗಳ ಗುತ್ತಿಗೆ ಸಿಕ್ಕಿತು. ಮರದ ಲೆಕ್ಕ ನೋಡಲು ಹೋದವನಿಗೆ ಕಾಡಿನಲ್ಲಿ ಕಂಡದ್ದು ಪಾಳುಕೋಟೆಗಳು, ಬಾಯಿ ಮುಚ್ಚಿದ ಗುಹೆಗಳು, ಜಲಪಾತದ ಹಿಂದಿನ ಕತ್ತಲೆ. ಇವತ್ತು ಆ ಕಾಡಿನ ಒಂದು ಭಾಗಕ್ಕೆ ಚಂದ್ರಪ್ರಭಾ ವನ್ಯಧಾಮ ಎಂದು ಹೆಸರು. ರಾಜದರಿ, ದೇವದರಿ ಎಂಬ ಜಲಪಾತಗಳನ್ನು ನೋಡಲು ಕಾಶಿಯ ಜನ ಮಳೆಗಾಲದಲ್ಲಿ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. 1957ರಲ್ಲಿ ಅಲ್ಲಿಗೆ ಗಿರ್ ಸಿಂಹಗಳನ್ನು ತಂದು ಬಿಟ್ಟಿದ್ದರು. ಮರಿ ಹಾಕಿ ಬೆಳೆದ ಆ ಸಿಂಹಗಳು ಕೆಲವೇ ವರ್ಷಗಳಲ್ಲಿ ಸುಳಿವಿಲ್ಲದೆ ಮಾಯವಾದವು. ಸಿಂಹಗಳನ್ನೇ ಮುಚ್ಚಿಡಬಲ್ಲ ಕಾಡು ಅದು. ಅಂಥ ಕಾಡಿನಲ್ಲಿ ಕಥೆಗಾರನೊಬ್ಬ ಒಂಟಿಯಾಗಿ ತಿರುಗಾಡಿದರೆ ಏನಾಗಬೇಕೋ ಅದೇ ಆಯಿತು. 1888ರಲ್ಲಿ ಅವನ ಮೊದಲ ಕಾದಂಬರಿ ‘ಚಂದ್ರಕಾಂತಾ’ ಕಾಶಿಯಲ್ಲಿ ಅಚ್ಚಾಗತೊಡಗಿತು.

ಕಥೆಯ ಎಳೆ ಸರಳ. ನೌಗಢದ ರಾಜಕುಮಾರ ವೀರೇಂದ್ರಸಿಂಹ, ವಿಜಯಗಢದ ರಾಜಕುಮಾರಿ ಚಂದ್ರಕಾಂತಾ, ಇಬ್ಬರಿಗೂ ಪರಸ್ಪರ ಪ್ರೀತಿ. ನಡುವೆ ವಿಜಯಗಢದ ದಿವಾನನ ಮಗ ಕ್ರೂರಸಿಂಹ. ಅವನಿಗೂ ಅವಳೇ ಬೇಕು, ಸಿಂಹಾಸನವೂ ಬೇಕು. ಕೆಲಸ ಕೆಟ್ಟಾಗ ಅವನು ಓಡುವುದು ಚುನಾರಿನ ಶಿವದತ್ತನ ಬಳಿಗೆ. ಮೊದಲ ಪುಟ ತೆರೆದರೆ ಸಂಜೆಯಾಗುತ್ತಿದೆ, ಬೆಟ್ಟದ ಕೆಳಗಿನ ನಿರ್ಜನ ಬಯಲಿನಲ್ಲಿ ಬಂಡೆಯ ಮೇಲೆ ಇಬ್ಬರು ಗೆಳೆಯರು ಕೂತು ಮಾತಾಡುತ್ತಿದ್ದಾರೆ. ಪೀಠಿಕೆಯಿಲ್ಲ, ವಂಶಾವಳಿಯಿಲ್ಲ. ಎರಡು ಪುಟ ಕಳೆಯುವಷ್ಟರಲ್ಲಿ ನೀವೂ ಮೂರನೆಯವರಾಗಿ ಅದೇ ಬಂಡೆಯ ಮೇಲೆ ಕೂತಿರುತ್ತೀರಿ.

ಆ ಗೆಳೆಯರಲ್ಲಿ ಒಬ್ಬ ರಾಜಕುಮಾರ, ಇನ್ನೊಬ್ಬ ತೇಜಸಿಂಹ. ಕಥೆಯನ್ನು ಹೊತ್ತು ನಡೆಯುವವನು ಈ ತೇಜಸಿಂಹನೇ. ಅವನು ಐಯಾರ: ವೇಷ ಮರೆಸುವುದು, ಗೂಢಚಾರಿಕೆ, ಓಟ, ಹಾಡು, ಔಷಧಿ, ಎಲ್ಲದರಲ್ಲೂ ಪಳಗಿದವನು. ಐಯಾರನ ಸೊಂಟದಲ್ಲಿ ಕಠಾರಿ, ಹೆಗಲಲ್ಲಿ ಗೋಡೆ ಹತ್ತಲು ಹಗ್ಗದ ಕಮಂದು, ಪಕ್ಕದಲ್ಲಿ ಒಂದು ಬಟ್ಟೆಯ ಚೀಲ. ಆ ಚೀಲದಲ್ಲಿ ಎಚ್ಚರ ತಪ್ಪಿಸುವ ಪುಡಿ, ತಪ್ಪಿದ ಎಚ್ಚರವನ್ನು ಮರಳಿಸುವ ಲಖಲಖಾ, ಮುಖದ ಬಣ್ಣ ಬದಲಿಸುವ ಲೇಪಗಳು, ಕನ್ನಡಿ, ಮೇಣದ ಬತ್ತಿ. ಎದುರಾಳಿಗೆ ಮೂಸಿಸಿ, ಎಚ್ಚರ ತಪ್ಪಿದವನನ್ನು ಚಾದರದಲ್ಲಿ ಗಂಟು ಕಟ್ಟಿ, ಬೆನ್ನಿಗೇರಿಸಿಕೊಂಡು ಕಾಡಿನೊಳಗೆ ಓಡುವ ದೃಶ್ಯ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಗಂಟಿನಲ್ಲಿರುವವನು ನಿಜಕ್ಕೂ ಅವನೇ ಹೌದೋ ಅಲ್ಲವೋ ಎಂಬ ಅನುಮಾನ ಓದುಗನನ್ನು ಕಾಡುತ್ತದೆ. ಐಯಾರರ ನಡುವೆ ಒಂದು ನಿಯಮವಿದೆ: ಸಿಕ್ಕಿಬಿದ್ದ ಐಯಾರನನ್ನು ಕೊಲ್ಲುವಂತಿಲ್ಲ, ಸೆರೆಯಲ್ಲಿಡಬಹುದು ಅಷ್ಟೆ. ಇವತ್ತು ಸೋತವನು ನಾಳೆ ಬಿಡಿಸಿಕೊಂಡು ಹೊಸ ವೇಷದಲ್ಲಿ ಬಾಗಿಲು ತಟ್ಟುತ್ತಾನೆ. ಆಟ ಮುಗಿಯುವುದೇ ಇಲ್ಲ. ಹೆಂಗಸರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ರಾಜಕುಮಾರಿಯ ಗೆಳತಿ ಚಪಲಾ ಗಂಡಸರನ್ನೇ ಮಣಿಸುವ ಐಯಾರಿ, ತನ್ನ ವಿದ್ಯೆಯನ್ನು ಒಡತಿಗೂ ಕಲಿಸುತ್ತಾಳೆ. 1888ರಲ್ಲಿ ಇಂಥ ಹುಡುಗಿಯನ್ನು ಪುಸ್ತಕದಲ್ಲಿ ಕಂಡ ಓದುಗಿತಿಯರ ಎದೆ ಹೇಗೆ ಹೊಡೆದುಕೊಂಡಿರಬೇಕು!

ಇನ್ನು ತಿಲಿಸ್ಮು. ಪಾಳುಬಿದ್ದ ಕಟ್ಟಡವೊಂದರಲ್ಲಿ ಕಲ್ಲಿನ ದೊಡ್ಡ ಕೊಕ್ಕರೆ ನಿಂತಿದೆ. ಯಾರಾದರೂ ಹತ್ತಿರ ಹೋದರೆ ಅದು ಕೊಕ್ಕು ತೆರೆದು ಮನುಷ್ಯನನ್ನು ಇಡಿಯಾಗಿ ನುಂಗಿ ಮತ್ತೆ ಕಲ್ಲಾಗಿ ನಿಲ್ಲುತ್ತದೆ. ಒಳಗೆ ಹೋದವರಿಗೆ ಬಾಗಿಲಾದ ಮೇಲೆ ಬಾಗಿಲು, ತೋಟ, ನೆಲಮಾಳಿಗೆ, ಬೀಗವಿಲ್ಲದೆ ಮುಚ್ಚಿದ ಕೋಣೆ. ಪೂರ್ವಜರು ಮುಂದೆಂದೋ ಹುಟ್ಟುವ ವಾರಸುದಾರನಿಗಾಗಿ ನಿಧಿಯನ್ನಿಟ್ಟು ಕಟ್ಟಿದ ಈ ಚಕ್ರವ್ಯೂಹವನ್ನು ಒಡೆಯಲು ಒಂದು ಹಳೆಯ ಪುಸ್ತಕದ ಸೂಚನೆಗಳನ್ನು ಸಾಲುಸಾಲಾಗಿ ಓದಬೇಕು. ಓದುವುದನ್ನು ಬಲ್ಲವನಿಗೇ ತಿಲಿಸ್ಮು ತೆರೆಯುತ್ತದೆ!

ಖತ್ರಿಯ ನಿಜವಾದ ಹೊಸತನ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಅವನಿಗಿಂತ ಮೊದಲು ಉರ್ದುವಿನ ದಾಸ್ತಾನು ಎಂಬ ಉದ್ದನೆಯ ಕಥೆಗಳಲ್ಲಿ ಇದೆಲ್ಲ ಇತ್ತು. ಲಖನೌದ ನವಲ್‌ಕಿಶೋರ್ ಪ್ರೆಸ್ 1883ರಿಂದ ‘ತಿಲಿಸ್ಮ್-ಎ-ಹೋಶ್‌ರುಬಾ’ದ ದಪ್ಪ ದಪ್ಪ ಸಂಪುಟಗಳನ್ನು ಹೊರತರುತ್ತಿತ್ತು. ಅಲ್ಲಿ ಐಯಾರರೂ ಉಂಟು, ತಿಲಿಸ್ಮೂ ಉಂಟು. ಆದರೆ ಅಲ್ಲಿಯದು ಮಂತ್ರವಾದಿಗಳ ಲೋಕ, ಜಾದೂಗಾರರು ಬೆರಳಾಡಿಸಿದರೆ ಬೆಂಕಿ ಸುರಿಯುತ್ತದೆ. ಖತ್ರಿ ಮಂತ್ರವನ್ನು ತೆಗೆದುಹಾಕಿದ. ಅವನ ಕಲ್ಲಿನ ಕೊಕ್ಕರೆಯ ಹೊಟ್ಟೆಯಲ್ಲಿರುವುದು ಯಂತ್ರ. ಗೋಡೆ ಸರಿಯುವುದು ಸನ್ನೆಯಿಂದ, ಎಚ್ಚರ ತಪ್ಪುವುದು ಔಷಧಿಯಿಂದ. ಎಷ್ಟೇ ದಿಗಿಲು ಹುಟ್ಟಿಸಿದರೂ ಕೊನೆಗೆ ಅವನು ಓದುಗನನ್ನು ಹತ್ತಿರ ಕರೆದು ಒಳಗಿನ ಕೀಲುಗಳನ್ನು ತೋರಿಸುತ್ತಾನೆ.

ಆ ಹೊತ್ತಿನ ಕಾಶಿಯನ್ನು ನೆನೆಯಬೇಕು. ಗಂಗೆಗೆ ಅಡ್ಡಲಾಗಿ ರಾಜಘಾಟಿನಲ್ಲಿ ಕಬ್ಬಿಣದ ಸೇತುವೆ ಸಂಚಾರಕ್ಕೆ ತೆರೆದದ್ದು 1887ರಲ್ಲಿ.  ಅಜ್ಜನ ಕಾಲದಿಂದ ದೋಣಿಯಲ್ಲೇ ದಾಟಿದ್ದ ನದಿಯ ಮೇಲೆ ಸೀಟಿ ಹೊಡೆದುಕೊಂಡು ಉಗಿಬಂಡಿ ಓಡುವುದನ್ನು ಊರಿಗೆ ಊರೇ ಘಾಟಿನಲ್ಲಿ ನಿಂತು ನೋಡುತ್ತಿದ್ದ ದಿನಗಳು. ಮರುವರ್ಷವೇ ಬಂದ ಪುಸ್ತಕದಲ್ಲಿ ಕಲ್ಲಿನ ಹಕ್ಕಿ ಯಂತ್ರಬಲದಿಂದ ಬಾಯಿ ತೆರೆಯುತ್ತದೆ. ಆ ಓದುಗರಿಗೆ ಇದು ಪುರಾಣದಂತೆ ಕಂಡಿರಲಾರದು. ಸೇತುವೆ ನಿಜವಾದರೆ ಕೊಕ್ಕರೆ ಏಕಾಗಬಾರದು?

ಜಾಗವೂ ಹಾಗೆಯೇ. ಏಳು ಸಮುದ್ರದಾಚೆಯ ದ್ವೀಪವನ್ನು ಖತ್ರಿ ಹುಡುಕಲಿಲ್ಲ. ಚುನಾರಿನಲ್ಲಿ ರೈಲು ನಿಲ್ಲುತ್ತಿತ್ತು. ನೌಗಢದ ಕಾಡಿನಿಂದ ಕಾಶಿಯ ಒಲೆಗೆ ಸೌದೆ ಬರುತ್ತಿತ್ತು. ದಿನಾ ಕಣ್ಣಿಗೆ ಬೀಳುವ ಬೆಟ್ಟದ ಹೊಟ್ಟೆಯಲ್ಲಿ ಇಂಥದ್ದೊಂದು ಲೋಕವಿದೆ ಎಂದು ಯಾರಾದರೂ ಪಿಸುಗುಟ್ಟಿದರೆ ಆಮೇಲೆ ಆ ಬೆಟ್ಟವನ್ನು ಮೊದಲಿನ ಕಣ್ಣಿನಿಂದ ನೋಡಲಾಗುತ್ತದೆಯೇ? ಅದ್ಭುತ ಕಥೆಗಳನ್ನು ಚಿಕ್ಕಂದಿನಿಂದ ಓದುತ್ತ ಬಂದ ನನಗೆ ಅನ್ನಿಸುವುದಿಷ್ಟು: ದೂರದ ಲೋಕ ಬೆರಗು ಹುಟ್ಟಿಸುತ್ತದೆ, ಹತ್ತಿರದ ಲೋಕ ಹುಚ್ಚು ಹಿಡಿಸುತ್ತದೆ. ‘ಚಂದ್ರಕಾಂತಾ’ ಹಿಡಿಸಿದ್ದು ಹುಚ್ಚನ್ನೇ.

ಆ ಹುಚ್ಚು ಎಂಥದ್ದೆಂದು ತಿಳಿಯಲು ಆಗಿನ ಲಿಪಿಗಳ ಸಂಗತಿ ಗೊತ್ತಿರಬೇಕು. ಕಾಶಿ ಸೇರಿದ್ದ ಆಗಿನ ವಾಯವ್ಯ ಪ್ರಾಂತ್ಯದ ಕಚೇರಿ, ಕೋರ್ಟು, ಪೊಲೀಸು ಎಲ್ಲ ಕಡೆ ನಡೆಯುತ್ತಿದ್ದುದು ಉರ್ದು ಬರಹ. ನೌಕರಿ ಬೇಕಾದವರು ಅದನ್ನೇ ಕಲಿಯುತ್ತಿದ್ದರು, ಹಿಂದೂ ಮನೆಗಳ ಹುಡುಗರೂ. ನಾಗರಿ ಎಂದರೆ ಪಂಡಿತರ ಪೋಥಿ, ವ್ರತದ ಪುಸ್ತಕ. 1893ರಲ್ಲಿ ಕಾಶಿಯಲ್ಲಿ ನಾಗರೀ ಪ್ರಚಾರಿಣೀ ಸಭಾ ಹುಟ್ಟಿತು. ಅರ್ಜಿ ಬರೆದು, ಸಹಿ ಕೂಡಿಸಿ, ಕೋರ್ಟಿನಲ್ಲಿ ನಾಗರಿಗೂ ಜಾಗ ಕೊಡುವ ಸರ್ಕಾರಿ ಆದೇಶ ಪಡೆಯುವ ಹೊತ್ತಿಗೆ 1900 ಬಂತು. ಇದಕ್ಕೆಲ್ಲ ಮೊದಲೇ, ಯಾವ ಆದೇಶವೂ ಇಲ್ಲದೆ, ಉರ್ದು ಮಾತ್ರ ಬಲ್ಲ ಅಸಂಖ್ಯ ಜನ ನಾಗರಿ ಅಕ್ಷರ ತಿದ್ದತೊಡಗಿದ್ದರು. ಕಾರಣ ಒಂದೇ, ‘ಚಂದ್ರಕಾಂತಾ’ ಓದಬೇಕು.

ಮಿರ್ಜಾಪುರದ ಕಚೇರಿಯ ಯಾವನೋ ಗುಮಾಸ್ತನನ್ನು ಕಣ್ಣ ಮುಂದೆ ತಂದುಕೊಳ್ಳುತ್ತೇನೆ. ವಯಸ್ಸು ನಲವತ್ತು. ಇಡೀ ದಿನ ಬಲದಿಂದ ಎಡಕ್ಕೆ ಬರೆದು ಪಳಗಿದ ಕೈ. ಸಂಜೆ ಮನೆಗೆ ಬಂದು ಶಾಲೆಗೆ ಹೋಗುವ ಮಗನ ಹಲಗೆ ಎಳೆದುಕೊಂಡು ಎಡದಿಂದ ಬಲಕ್ಕೆ ಕ, ಖ, ಗ ಬರೆಯುತ್ತಾನೆ. ಅವನ ಮೊದಲ ತೊಡಕು ಸ್ವರಚಿಹ್ನೆಗಳದ್ದು. ಉರ್ದುವಿನಲ್ಲಿ ಹ್ರಸ್ವಸ್ವರವನ್ನು ಬರೆಯದೆ ಬಿಟ್ಟರೂ ಬಲ್ಲವನು ಓದಿಕೊಳ್ಳುತ್ತಾನೆ. ಇಲ್ಲಿ ಅಕಾರವೊಂದನ್ನು ಬಿಟ್ಟು ಪ್ರತಿಯೊಂದೂ ಅಕ್ಷರದ ಹಿಂದೆಯೋ ಮುಂದೆಯೋ ತಲೆಯ ಮೇಲೋ ಕಾಲಡಿಯಲ್ಲೋ ಕೂತಿರಬೇಕು. ಇಕಾರವಂತೂ ಉಚ್ಚಾರಕ್ಕೆ ಮೊದಲೇ ಬಂದು ಎಡಗಡೆ ನಿಂತಿರುತ್ತದೆ. ‘ತಿಲಿಸ್ಮು’ ಎಂದು ಕೂಡಿಸಿ ಓದುವಷ್ಟರಲ್ಲಿ ಬೆವರು. ಆದರೆ ಕೂಡಿಸಿದ ಮೇಲೆ ಆ ಶಬ್ದ ಅವನಿಗೆ ಗೊತ್ತಿದ್ದದ್ದೇ! ಖತ್ರಿಯ ಜಾಣ್ಮೆ ಇದು. ಸಂಸ್ಕೃತ ತುಂಬಿದ ಹಿಂದಿಯನ್ನು ಬದಿಗಿಟ್ಟು, ಬಜಾರಿನಲ್ಲಿ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಮಾತಿನಲ್ಲಿ ಬರೆದ. ಕಲಿಯಬೇಕಾದದ್ದು ಅಕ್ಷರ ಮಾತ್ರ, ಭಾಷೆ ಆಗಲೇ ನಾಲಿಗೆಯ ಮೇಲಿತ್ತು. ಹೀಗೆ ತಡವರಿಸುತ್ತ ಓದುವವನ ಸುತ್ತ ಅಕ್ಕಪಕ್ಕದವರು ಲಾಟೀನಿನ ಬೆಳಕಿಗೆ ಕೂತಿರುತ್ತಾರೆ. ಅವನು ಒಂದು ಸಂಯುಕ್ತಾಕ್ಷರದಲ್ಲಿ ಸಿಕ್ಕಿಕೊಂಡರೆ ಕೇಳುವವರಿಗೆ ತಡೆಯದು. ಆಮೇಲೆ? ಗಂಟಿನಲ್ಲಿದ್ದವನು ಯಾರು?

ಇದು ನನ್ನ ಕಲ್ಪನೆಯ ಗುಮಾಸ್ತ. ಸಂಗತಿ ಮಾತ್ರ ಕಲ್ಪನೆಯದಲ್ಲ. ಹಿಂದಿ ಸಾಹಿತ್ಯದ ಇತಿಹಾಸ ಬರೆದ ಆಚಾರ್ಯ ರಾಮಚಂದ್ರ ಶುಕ್ಲರೇ ಇದಕ್ಕೆ ಸಾಕ್ಷಿ. ಖತ್ರಿ ಹುಟ್ಟುಹಾಕಿದಷ್ಟು ಓದುಗರನ್ನು ಬೇರಾವ ಲೇಖಕನೂ ಹುಟ್ಟುಹಾಕಲಿಲ್ಲ, ಉರ್ದು ಬಲ್ಲ ಎಷ್ಟೋ ಜನ ‘ಚಂದ್ರಕಾಂತಾ’ ಓದಲೆಂದೇ ಹಿಂದಿ ಕಲಿತರು ಎಂಬುದು ಅವರು ದಾಖಲಿಸಿದ ಮಾತು. ಅದೇ ಶುಕ್ಲರು ಈ ಕಾದಂಬರಿಗಳನ್ನು ಸಾಹಿತ್ಯದ ಸಾಲಿನಲ್ಲಿ ಕೂರಿಸಲು ಒಪ್ಪಲಿಲ್ಲ. ಇಲ್ಲಿರುವುದು ಘಟನೆಗಳ ಬೆರಗು, ರಸವಿಲ್ಲ, ಪಾತ್ರಗಳ ಒಳಬಾಳಿಲ್ಲ ಎಂಬುದು ಅವರ ಆಕ್ಷೇಪ. ಶುಕ್ಲರು ದೊಡ್ಡವರು, ಅವರ ತಕ್ಕಡಿ ನಿಖರವಾದದ್ದು. ಆದರೂ ಈ ತೀರ್ಪು ನನಗೆ ಒಪ್ಪಿಗೆಯಾಗುವುದಿಲ್ಲ. ತನ್ನ ದುಡಿಮೆಗೆ ಬೇಕಿಲ್ಲದ, ಸಂಬಳ ಹೆಚ್ಚಿಸದ ಒಂದು ಲಿಪಿಯನ್ನು ನಡುವಯಸ್ಸಿನ ಮನುಷ್ಯ ಕುತೂಹಲವೊಂದರ ಬಲದಿಂದ ಕಲಿಯುತ್ತಾನೆ ಎಂದರೆ ಆ ಕುತೂಹಲವನ್ನು ಹೊತ್ತಿಸಿದ ಕೈ ಕಲಾವಿದನದೇ. ಒಳಬಾಳು ಪುಟದಲ್ಲಿ ಕಡಿಮೆಯಿದ್ದರೆ ಓದುವವನಲ್ಲಿ ಧಾರಾಳವಾಗಿತ್ತು.

ಇಂಥ ಓದಿನ ರುಚಿ ಮುಂದೆ ಏನಾಗಬಲ್ಲದು ಎಂಬುದಕ್ಕೆ ಪ್ರೇಮಚಂದರ ಬಾಲ್ಯವೇ ಇದೆ. ಗೋರಖಪುರದಲ್ಲಿ ಹದಿಮೂರರ ಹುಡುಗ ಗೆಳೆಯನೊಂದಿಗೆ ಹೊಗೆಸೊಪ್ಪಿನ ಅಂಗಡಿಯಲ್ಲಿ ಕೂತು ‘ತಿಲಿಸ್ಮ್-ಎ-ಹೋಶ್‌ರುಬಾ’ ಕೇಳುತ್ತಿದ್ದ, ಪುಸ್ತಕದಂಗಡಿಯವನಿಗೆ ಶಾಲೆಯಲ್ಲಿ ಗೈಡುಗಳನ್ನು ಮಾರಿಕೊಟ್ಟು ಬದಲಿಗೆ ಕಾದಂಬರಿಗಳನ್ನು ಮನೆಗೊಯ್ಯುತ್ತಿದ್ದ. ರೈತನ ಬವಣೆಯನ್ನು ಬರೆದ ಲೇಖನಿ ಮೊದಲು ಮಿಂದದ್ದು ತಿಲಿಸ್ಮಿನ ನೀರಿನಲ್ಲಿ.

ನಮ್ಮ ಕಡೆ ಇದಕ್ಕೆ ಹತ್ತಿರದವರೆಂದರೆ ಗಳಗನಾಥರು. ಮುಂಬಯಿ ಕರ್ನಾಟಕದಲ್ಲಿ ಓದುಬರಹವೆಂದರೆ ಮರಾಠಿ ಎನ್ನುವಂತಿದ್ದ ಕಾಲದಲ್ಲಿ ಅವರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ತಾವೇ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಗೆ ಮನೆಮನೆಗಳಲ್ಲಿ ಕಾಯುತ್ತಿದ್ದವರು ಅವರ ಕಥೆ ಮುಂದೇನಾಯಿತೆಂದು ತಿಳಿಯಲು ಕಾಯುತ್ತಿದ್ದರು. ಗಳಗನಾಥರದು ಇತಿಹಾಸ ಮತ್ತು ನೀತಿಯ ದಾರಿ, ಖತ್ರಿಯದು ಬೆರಗಿನ ದಾರಿ. ಎರಡೂ ಹೋಗಿ ಮುಟ್ಟಿದ್ದು ತನ್ನ ಭಾಷೆಯಲ್ಲಿ ಓದಲು ಹಟ ಹಿಡಿದು ಕೂತ ಓದುಗನನ್ನು.

ಕನ್ನಡದ ಮನೆಗಳಿಗೆ ಚಂದ್ರಕಾಂತಾ ಬಂದದ್ದು ತೀರ ತಡವಾಗಿ, 1994ರಲ್ಲಿ, ದೂರದರ್ಶನದ ಮೂಲಕ. ನೀರಜಾ ಗುಲೇರಿ ತೆಗೆದ ಆ ಧಾರಾವಾಹಿ ಭಾನುವಾರ ಬೆಳಿಗ್ಗೆ ಬರುತ್ತಿತ್ತು. ಹಿಂದಿ ಗೊತ್ತಿರಲಿ ಬಿಡಲಿ, ಬೀದಿಯ ಹುಡುಗರೆಲ್ಲ ಹುಬ್ಬು ಕುಣಿಸಿ ಕ್ರೂರಸಿಂಹನ ‘ಯಕ್ಕು!’ ಅನ್ನುತ್ತಿದ್ದರು. ಪುಸ್ತಕದಲ್ಲಿ ಅಷ್ಟೇನೂ ದೂರ ಬಾಳದ ಕ್ರೂರಸಿಂಹ ಪರದೆಯ ಮೇಲೆ ದೊಡ್ಡ ಪಾತ್ರವಾಗಿ ಬೆಳೆದುಬಿಟ್ಟ. ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆ ಕಟ್ಟಿಕೊಂಡು ಬಂದ ನಾನು ಮೂಲವನ್ನು ಕೈಗೆತ್ತಿಕೊಂಡದ್ದು ಆ ಧಾರಾವಾಹಿಯ ಬೆನ್ನಿಗೆ. ಪಠ್ಯದ ಹಿಂದಿಯಲ್ಲಿ ಮುಗ್ಗರಿಸುತ್ತಿದ್ದವನು ಇಲ್ಲಿ ಓಡತೊಡಗಿದೆ. ಅಧ್ಯಾಯಗಳು ಚಿಕ್ಕವು, ಪ್ರತಿಯೊಂದೂ ಬಾಗಿಲು ಅರ್ಧ ತೆರೆದಿಟ್ಟು ಮುಗಿಯುತ್ತದೆ. ನಡುವೆ ಕಾಡಿನ ಹುಡುಗಿಯೊಬ್ಬಳು ಬರುತ್ತಾಳೆ. ಅವಳು ಯಾರೆಂದು ನಾನಿಲ್ಲಿ ಹೇಳುವುದಿಲ್ಲ, ಮುಂದೆ ಓದುವವರ ಸುಖ ಕೆಡಬಾರದು.

ಖತ್ರಿ ತನ್ನ ಮುನ್ನುಡಿಯಲ್ಲಿ ಇಂಥ ಪುಸ್ತಕದಿಂದಾಗುವ ಲಾಭವನ್ನೂ ಹೇಳುತ್ತಾನೆ: ಐಯಾರರ ಕಥೆ ಓದಿದವನು ಅಷ್ಟು ಸುಲಭವಾಗಿ ಯಾರ ಮೋಸಕ್ಕೂ ಬೀಳುವುದಿಲ್ಲ. ಮುಖ ನೋಡಿ ನಂಬಬೇಡ, ದನಿ ಕೇಳಿ ನಂಬಬೇಡ, ಗುರುತು ಕೇಳು ಎಂದು ಪುಟಪುಟದಲ್ಲೂ ಕಲಿತವನಲ್ಲವೇ ಅವನ ಓದುಗ.

ನಾಲ್ಕು ಭಾಗಗಳಲ್ಲಿ ‘ಚಂದ್ರಕಾಂತಾ’ ಮುಗಿಯಿತು. ರಾಜಕುಮಾರ ರಾಜಕುಮಾರಿಯರ ಮದುವೆಯಾಯಿತು. ಓದುಗರಿಗೆ ಮಾತ್ರ ಅಲ್ಲಿಗೆ ಸಾಕೆನಿಸಲಿಲ್ಲ. ಖತ್ರಿ ಅವರ ಮಕ್ಕಳ ಕಥೆ ಹಿಡಿದ. 1894ರಲ್ಲಿ ಶುರುವಾದ ‘ಚಂದ್ರಕಾಂತಾ ಸಂತತಿ’ 24 ಭಾಗಗಳಾಗಿ 1905ರವರೆಗೆ ನಡೆಯಿತು. ನಡುವೆ 1898ರಲ್ಲಿ ಕಾಶಿಯಲ್ಲಿ ಸ್ವಂತ ಲಹರಿ ಪ್ರೆಸ್ ತೆರೆದ. ಕೊಂಡು ಓದುವವರ ಬಲದಿಂದ ಒಬ್ಬ ಹಿಂದಿ ಕಾದಂಬರಿಕಾರ ತನ್ನದೇ ಅಚ್ಚುಕೂಟ ಇಟ್ಟುಕೊಳ್ಳುವಂತಾಯಿತು. ಮೊದಲ ಭಾಗ ಬಂದಾಗ ಮಗನ ಹಲಗೆ ಎಳೆದುಕೊಂಡು ಅಕ್ಷರ ಕಲಿತವನಿಗೆ ಕೊನೆಯ ಭಾಗ ಬರುವ ಹೊತ್ತಿಗೆ ಮೊಮ್ಮಕ್ಕಳಾಗಿರಬಹುದು. 

‘ಸಂತತಿ’ಯಲ್ಲಿ ಭೂತನಾಥ ಎಂಬ ಐಯಾರ ಬರುತ್ತಾನೆ. ಒಳ್ಳೆಯವನೆನ್ನಲು ಹೋದರೆ ಅವನ ಹಿಂದೆ ಏನೋ ಪಾಪವಿದೆ. ಕೆಟ್ಟವನೆನ್ನಲು ಹೋದರೆ ಅವನು ಕಣ್ಣೀರಿಡುತ್ತಾನೆ. ಹಳೆಯ ಕಾಗದಗಳ ಕಟ್ಟೊಂದನ್ನು ಯಾರಾದರೂ ತೆಗೆದರೆ ಸಾಕು, ಆನೆಯಂಥ ಆ ಮನುಷ್ಯನ ಮುಖ ಬಿಳಿಚಿಕೊಳ್ಳುತ್ತದೆ. ಪಾತ್ರಗಳಿಗೆ ಒಳಬಾಳಿಲ್ಲ ಎಂಬ ಮಾತಿಗೆ ನಾನು ಮುಂದಿಡುವ ಸಾಕ್ಷಿ ಇವನೇ. ಇವನ ಪೂರ್ವಕಥೆಯನ್ನು ಇವನ ಬಾಯಿಂದಲೇ ಹೇಳಿಸಲು ಖತ್ರಿ ‘ಭೂತನಾಥ’ ಎಂಬ ಹೊಸ ಕಾದಂಬರಿ ಶುರು ಮಾಡಿದ. ಆರು ಭಾಗ ಬರೆಯುವಷ್ಟರಲ್ಲಿ, 1913ರಲ್ಲಿ, ತೀರಿಕೊಂಡ. ಭೂತನಾಥನ ಗುಟ್ಟು ಅರ್ಧದಲ್ಲೇ ಉಳಿಯಿತು. ಓದುಗರು ಬಿಡುವವರಲ್ಲ. ಮಗ ದುರ್ಗಾಪ್ರಸಾದ ಖತ್ರಿ ಅಪ್ಪನ ಲೇಖನಿ ಎತ್ತಿಕೊಂಡು ಉಳಿದ ಭಾಗಗಳನ್ನೆಲ್ಲ ಬರೆದು ಮುಗಿಸಿಕೊಟ್ಟ.